ಅರ್ಧ ಅಂಕ ಕೊಡ್ರಿ

ಕ್ರೀಡಾ ಪುಟದಲ್ಲಿ ಚೆಸ್ ಸುದ್ದಿ ಬರುವುದೇ ಅಪರೂಪ. ಬಂದಾಗ ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳ ಆಟ ಸಮವಾಗಿ ಮುಗಿದಿದ್ದರೆ ತಲೆಬರಹ ಮೊದಲೇ ಸಿದ್ಧ: ‘ನೀರಸ ಡ್ರಾ’. ಗೆಲುವಿಗೆ ಒಮ್ಮೆ ‘ರೋಚಕ’, ಇನ್ನೊಮ್ಮೆ ‘ಭರ್ಜರಿ’ ಅಂತ ಬಗೆಬಗೆಯ ವಿಶೇಷಣ ಹುಡುಕುವವರು ಡ್ರಾಕ್ಕೆ ಮಾತ್ರ ವರ್ಷಗಟ್ಟಲೆ ಇದೊಂದನ್ನೇ ಅಂಟಿಸುತ್ತಾ ಬಂದಿದ್ದಾರೆ. ಆಟದ ನಡೆಗಳು ಕೆಳಗೆ ಅಚ್ಚಾಗುವುದಿಲ್ಲ. ಹಾಗಾಗಿ ನೀರಸವೋ ಸರಸವೋ ಎಂದು ಓದುಗ ತಾನೇ ನೋಡಿ ಹೇಳುವ ದಾರಿಯೂ ಇಲ್ಲ.

ಈ ಮಾತು ಪತ್ರಿಕೆಯಲ್ಲೇ ಉಳಿದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಅದು ನಮ್ಮ ಕಡೆಯ ಶಾಲಾ ಮಕ್ಕಳ ಪಂದ್ಯಗಳಲ್ಲಿ ನಿಯಮವಾಗಿ ಕೂತುಬಿಟ್ಟಿದೆ. ಡ್ರಾ ಅನ್ನುವುದು ಫಲಿತಾಂಶವೇ ಅಲ್ಲ, ಇಬ್ಬರಲ್ಲಿ ಒಬ್ಬರು ಮನೆಗೆ ಹೋಗಲೇಬೇಕು, ಬೋರ್ಡಿನ ಮೇಲೆ ಸೋಲದಿದ್ದರೆ ಟಾಸಿನಲ್ಲಾದರೂ ಸೋಲಬೇಕು! ನನ್ನ ತಕರಾರು ಇದಕ್ಕೆ.

ನಾನು ಮಾನ್ವಿಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಭತ್ತ, ಹತ್ತಿ, ತೊಗರಿ ಬರುವ ಕಾಲಕ್ಕೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಉಳಿದ ಭಾನುವಾರಗಳಲ್ಲಿ ಅಂಗಡಿಯ ಹಿಂದಿನ ವರಾಂಡದಲ್ಲಿ ರೆಕ್ಸಿನ್ ಬೋರ್ಡು ಹಾಸಿ ಓಣಿಯ ಹುಡುಗ ಹುಡುಗಿಯರಿಗೆ ಚೆಸ್ ಹೇಳಿಕೊಡುತ್ತೇನೆ. ನನಗೆ ರೇಟಿಂಗ್ ಇಲ್ಲ, ಸರ್ಟಿಫಿಕೇಟೂ ಇಲ್ಲ. ಕಾಯಿಗಳ ನಡೆ ಕಲಿತ ಮಗುವಿಗೆ ದೊಡ್ಡವರ ಆಟ ಅಂತ ನಾನು ಮೊದಲು ತೋರಿಸುವುದು ಒಂದನ್ನೇ. 2013ರ ನವೆಂಬರ್ 9ರಂದು ಚೆನ್ನೈಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ವಿಶ್ವನಾಥನ್ ಆನಂದ್ ಆಡಿದ್ದು, ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಆಟ. ಬರೀ 16 ನಡೆ. ಡ್ರಾ.

ಅವತ್ತು ಶನಿವಾರ. ಹೋಟೆಲಿನ ಟಿವಿಯಲ್ಲಿ ದೂರದರ್ಶನ ಹಾಕಿಸಿ, ಮಂಡಾಳ ಒಗ್ಗರಣಿ, ಮಿರ್ಚಿ ತರಿಸಿಕೊಂಡು ಕೂತಿದ್ದೆ. ತಟ್ಟೆ ಖಾಲಿಯಾಗಿ ಎರಡನೇ ಚಹಾ ಬರುವಷ್ಟರಲ್ಲಿ ಇಬ್ಬರೂ ಕೈ ಕುಲುಕಿ ಎದ್ದುಬಿಟ್ಟರು. ಹೋಟೆಲ್ ಮಾಲೀಕರು ಕೌಂಟರಿನಿಂದಲೇ ಕೇಳಿದರು:

“ಯಾರು ಗೆದ್ರ್ರೀ ಗುಮಾಸ್ತರ?”

“ಯಾರೂ ಇಲ್ರೀ. ಡ್ರಾ ಆತು.”

“ಮತ್ತ ಇಷ್ಟೊತ್ತನ ಏನ್ ಮಾಡಿದ್ರ್ರೀ ಇಬ್ಬರೂ?”

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರವೂ ಇದೆ, ಆದರೆ ಬೋರ್ಡು ಬೇಕು. ಮನೆಯಲ್ಲಿ ಬೋರ್ಡಿದ್ದವರು ಪಕ್ಕದಲ್ಲಿ ಇಟ್ಟುಕೊಳ್ಳಿ.

ಬಿಳಿ ಕಾಯಿ ಕಾರ್ಲ್‌ಸನ್‌ದು, ವಯಸ್ಸು 22. ಕರಿ ಕಾಯಿ ಆನಂದ್ ಅವರದು, ವಯಸ್ಸು 43, ಹಾಲಿ ಚಾಂಪಿಯನ್, ಆಡುತ್ತಿರುವುದು ಬೆಳೆದ ಊರಿನಲ್ಲಿ. ಮೊದಲ ಎಂಟು ನಡೆಗಳಲ್ಲಿ ಗದ್ದಲವಿಲ್ಲ. ಇಬ್ಬರೂ ರಾಜನ ಬದಿಯ ಒಂಟೆಯನ್ನು ಉದ್ದ ಕರ್ಣದ ಮೇಲೆ ಕೂರಿಸಿದರು, ರಾಜನನ್ನು ಕೋಟೆಯೊಳಗೆ ಸೇರಿಸಿದರು. ಕಾರ್ಲ್‌ಸನ್ ಇನ್ನೊಂದು ಒಂಟೆಯನ್ನೂ ಬಿ2ರಲ್ಲಿ ನಿಲ್ಲಿಸಿದರು, ಆನಂದ್ ತಮ್ಮದನ್ನು ಎಫ್5ಕ್ಕೆ ತಂದರು. ಒಂಬತ್ತನೇ ನಡೆಗೆ ಆನಂದ್ ಸಿ4ರ ಪದಾತಿಯನ್ನು ಹೊಡೆದರು, ಕಾರ್ಲ್‌ಸನ್ ಬಿ ಸಾಲಿನ ಪದಾತಿಯಿಂದ ತಿರುಗಿ ಹೊಡೆದರು. ಮುಂದೆ ಆನಂದ್ ಕುದುರೆಯನ್ನು ಬಿ6ಕ್ಕೆ ತಂದು ಆ ಪದಾತಿಯನ್ನೇ ಹೆದರಿಸಿದರು. ಪದಾತಿ ಸಿ5ಕ್ಕೆ ಸರಿದು ತಿರುಗಿ ಕುದುರೆಯನ್ನೇ ಗದರಿಸಿತು. ಕುದುರೆ ಓಡಲಿಲ್ಲ, ಖಾಲಿಯಾದ ಸಿ4ಕ್ಕೆ ಹಾರಿ ಬಿ2ರ ಒಂಟೆಯ ಮೇಲೆ ಕಣ್ಣಿಟ್ಟಿತು. ಹನ್ನೆರಡನೇ ನಡೆಗೆ ಆ ಒಂಟೆ ಸಿ1ಕ್ಕೆ, ಅಂದರೆ ಆಟ ಶುರುವಾದಾಗ ನಿಂತಿದ್ದ ಮನೆಗೇ ವಾಪಸು.

ಮಕ್ಕಳು ಇಲ್ಲಿ ನಗುತ್ತಾರೆ. “ಕಾಕಾ, ಚಾಂಪಿಯನ್ ಆಗಾಂವ ಹಿಂಗ್ಯಾಕ ಮಾಡ್ತಾನ್ರೀ?” ನಗಲಿ. ನಕ್ಕಾದ ಮೇಲೆ ನಾನು ಸಿ3 ಮನೆಯ ಮೇಲೆ ಬೆರಳಿಡುತ್ತೇನೆ. ಅಲ್ಲಿ ಬಿಳಿಯ ಕುದುರೆ ಇದೆ. ಒಂಟೆ ಬಿ2ರಲ್ಲಿದ್ದಷ್ಟು ಹೊತ್ತು ಅದಕ್ಕೊಂದು ಕಾವಲಿತ್ತು, ಒಂಟೆ ಹೋಯಿತು, ಕಾವಲೂ ಹೋಯಿತು. ಅದೇ ಗಳಿಗೆಗೆ ಆನಂದ್‌ರ ಎರಡನೇ ಕುದುರೆ ಎಫ್6ರಿಂದ ಡಿ5ಕ್ಕೆ ಬಂದು ನಿಲ್ಲುತ್ತದೆ, ನೋಟ ನೇರವಾಗಿ ಸಿ3ರ ಮೇಲೆ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಮ್ಮ ದೋಆಬ್‌ಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದ್ದು ಇಲ್ಲಿನ ಮಕ್ಕಳಿಗೆ ಪಾಠದಲ್ಲಿ ಇದ್ದೇ ಇದೆ. ಈ ಆಟದ ರಾಯಚೂರು ದೋಆಬ್ ಅಂದರೆ ಸಿ3 ಅಂತ ಹೇಳಿದರೆ ಸಾಕು, ಮುಂದಿನದನ್ನು ಅವರೇ ಹಿಡಿಯುತ್ತಾರೆ.

ಹದಿಮೂರನೇ ನಡೆ. ಬಿಳಿ ಮಂತ್ರಿ ಬಿ3ಕ್ಕೆ ಬಂತು. ಸಿ3ಕ್ಕೆ ಕಾವಲಾಯಿತು, ಸಿ4ರ ಕರಿ ಕುದುರೆಗೆ ಬೆದರಿಕೆಯೂ ಆಯಿತು. ಆ ಕುದುರೆ ಎ5ಕ್ಕೆ ಸರಿದು ಮಂತ್ರಿಯ ಮೇಲೇ ಬಿತ್ತು. ನಾನು ಆಟವನ್ನು ಇಲ್ಲಿ ನಿಲ್ಲಿಸಿ ಕೇಳುತ್ತೇನೆ: ಮಂತ್ರಿ ಎಲ್ಲಿಗೆ ಹೋಗಬೇಕು?

ಬಹಳ ಮಕ್ಕಳು ಎ4 ಅನ್ನುತ್ತಾರೆ. ನೋಡಲು ಚೆಂದದ ನಡೆ, ಎ5ರ ಕುದುರೆಗೆ ನೇರ ಪೆಟ್ಟು. ಆದರೆ ಡಿ5ರ ಕುದುರೆ ಸಿ3ರಲ್ಲಿರುವುದನ್ನು ಹೊಡೆದು ಅಲ್ಲಿಂದಲೇ ಎ4ರ ಮಂತ್ರಿಯನ್ನೂ ಹಿಡಿಯುತ್ತದೆ. ಸಿಟ್ಟಿಗೆ ಎ5ರ ಕುದುರೆಯನ್ನು ತಿಂದರೆ ಡಿ8ರ ಕರಿ ಮಂತ್ರಿ ಕರ್ಣದಲ್ಲಿ ಬಂದು ಬಿಳಿ ಮಂತ್ರಿಯನ್ನೇ ತಿನ್ನುತ್ತದೆ. ಸರಿ, ಸಿ2? ಎಫ್5ರ ಒಂಟೆ ಅಲ್ಲಿಗೇ ಬಾಯಿ ತೆರೆದು ಕೂತಿದೆ. ಬಿ4? ಡಿ5ರ ಕುದುರೆಗೆ ಬಿಟ್ಟಿ ಊಟ. ಡಿ1ಕ್ಕೆ ಹಿಂತಿರುಗಿದರೆ ಸಿ3ರ ಕುದುರೆ ಹೋಯಿತು. ಬಿ7ರ ಪದಾತಿಯನ್ನು ತಿಂದು ಬಂದರೆ ಅಂದ ಒಬ್ಬ ಹುಡುಗ. ಎ5ರ ಕುದುರೆ ಅದನ್ನೂ ಕಾಯುತ್ತಿದೆ. ಕೊನೆಗೆ ಉಳಿಯುವುದು ಎ3 ಮತ್ತು ಬಿ2, ಎರಡೇ ಮನೆ. ಎರಡಕ್ಕೂ ಕುದುರೆ ಸಿ4ಕ್ಕೆ ವಾಪಸು ಬಂದು ಪೆಟ್ಟು ಕೊಡಬಲ್ಲದು.

ಕಾರ್ಲ್‌ಸನ್ ಎ3 ಆರಿಸಿಕೊಂಡರು. ಕುದುರೆ ಸಿ4ಕ್ಕೆ ಬಂತು. ಅಲ್ಲಿಂದ ಸಿ3ರ ಕಾವಲು ಬಿಡದೆ ಮಂತ್ರಿ ಹೋಗಬಹುದಾದ ಮನೆ ಬಿ3 ಒಂದೇ. ಬಿ3, ಎ5. ಎ3, ಸಿ4. ಹದಿನಾರು ನಡೆ, ಕೈ ಕುಲುಕಿದರು.

ಹೋಟೆಲ್ ಮಾಲೀಕರಿಗೆ ನಾನು ಕೊಡಬೇಕಾದ ಉತ್ತರ ಇದು. ಅಷ್ಟು ಹೊತ್ತು ಅವರಿಬ್ಬರೂ ಒಂದು ಮನೆಯನ್ನು ಬಿಟ್ಟುಕೊಡದೆ ಹಿಡಿದಿದ್ದರು. ಕಾರ್ಲ್‌ಸನ್ ಹದಿಮೂರನೇ ನಡೆಯಲ್ಲಿ ಡಿ5ರ ಕುದುರೆಯನ್ನು ಬದಲಾಯಿಸಿಕೊಂಡು ಆಟ ಮುಂದುವರಿಸಬಹುದಿತ್ತು. ಆದರೆ ಆಗ ಆನಂದ್‌ರ ಮಂತ್ರಿ ಬೋರ್ಡಿನ ನಡುವೆ ಬಂದು ಆರಾಮಾಗಿ ಕೂರುತ್ತಿತ್ತು. ಆನಂದ್ ಕೂಡ ಕುದುರೆಯನ್ನು ಎ5ರಲ್ಲೇ ಬಿಟ್ಟು ಬೇರೇನಾದರೂ ಹೂಡಬಹುದಿತ್ತು, ಅವರ ಮಂತ್ರಿ ಅದನ್ನು ಕಾಯುತ್ತಿತ್ತು. ಅವರಿಗೆ ಬೇಡವಾಗಿತ್ತು. ಹನ್ನೆರಡು ಆಟಗಳ ಪಂದ್ಯದ ಮೊದಲ ದಿನ, ಕರಿ ಕಾಯಿ ಹಿಡಿದು ಹದಿನಾರೇ ನಡೆಯಲ್ಲಿ ಅರ್ಧ ಅಂಕ ಎದ್ದು ಬಂತು ಅಂದರೆ ಯಾರು ಬೇಡ ಅಂತಾರೆ? ಪಂದ್ಯ ಮುಂದೆ ಹತ್ತೇ ಆಟಕ್ಕೆ ಮುಗಿಯಿತು. ಕಾರ್ಲ್‌ಸನ್ ಮೂರು ಗೆದ್ದರು, ಏಳು ಡ್ರಾ, 6.5–3.5. ಆ ಮೂರು ಗೆಲುವುಗಳನ್ನು ಎಲ್ಲರೂ ಬಿಡಿಸಿ ಬರೆದಿದ್ದಾರೆ. ಆದರೆ ಮಗುವಿಗೆ ಒಂದು ಬೋರ್ಡಿನ ಮೇಲೆ ‘ಯಾಕೆ ಇಲ್ಲಿಗೆ ಹೋಗಬಾರದು’ ಅಂತ ಏಳೆಂಟು ಸಲ ಕೇಳಿ ಏಳೆಂಟು ಸಲವೂ ಬೇರೆ ಬೇರೆ ಉತ್ತರ ಸಿಗುವ ಆಟ ಅವುಗಳಲ್ಲಿ ನನಗೆ ಸಿಕ್ಕಿಲ್ಲ.

ಈಗ ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಸ್ಟಾಕ್‌ಫಿಶ್ ಎಂಬ ಚೆಸ್ ಪ್ರೋಗ್ರಾಂ ಇಂಥ ಸ್ಥಿತಿಗೆ ಸೊನ್ನೆ ಅಥವಾ ಸೊನ್ನೆಯ ಆಸುಪಾಸಿನ ಒಂದು ಅಂಕಿ ತೋರಿಸಿ ಸುಮ್ಮನಾಗುತ್ತದೆ. ದೊಡ್ಡ ಹುಡುಗರು ಆ ಸೊನ್ನೆ ನೋಡಿದ ಕೂಡಲೇ “ಇದರಾಗ ಏನೂ ಇಲ್ರೀ ಕಾಕಾ” ಅಂತ ಬೋರ್ಡು ಮಡಚಲು ಹೊರಡುತ್ತಾರೆ. ಆ ಸೊನ್ನೆಯ ಸುತ್ತ ಎಷ್ಟು ಗುಂಡಿಗಳಿವೆ ಅನ್ನುವುದು ಪರದೆಯ ಮೇಲೆ ಬರುವುದಿಲ್ಲ. ನಮ್ಮ ವರಾಂಡದಲ್ಲಿ ಮೊದಲು ಕೈಯಿಂದ ಆಡಿ ನೋಡಬೇಕು, ಫೋನು ಆಮೇಲೆ.

ಗುಂಡಿ ಎಷ್ಟು ಆಳವಿರುತ್ತದೆ ಅನ್ನುವುದಕ್ಕೆ 2024ರ ಡಿಸೆಂಬರ್ 12ರ ಸಂಜೆಯನ್ನು ನೆನಪಿಸಿದರೆ ಸಾಕು. ಸಿಂಗಪುರ, ಡಿ. ಗುಕೇಶ್ ಮತ್ತು ಹಾಲಿ ಚಾಂಪಿಯನ್ ಡಿಂಗ್ ಲಿರೆನ್, ವಿಶ್ವ ಚಾಂಪಿಯನ್‌ಶಿಪ್‌ನ ಹದಿನಾಲ್ಕನೇ ಆಟ. ಅದಕ್ಕೆ ಮುಂಚೆ ನಾಲ್ಕರಿಂದ ಹತ್ತರವರೆಗಿನ ಏಳು ಆಟಗಳು ಸಾಲಾಗಿ ಡ್ರಾ ಆಗಿದ್ದವು. ‘ನೀರಸ’ದವರಿಗೆ ಅದು ಸುಗ್ಗಿ. ಕೊನೆಯ ಆಟವೂ ಡ್ರಾ ಆಗಿದ್ದರೆ 7–7, ಮರುದಿನ ರ‍್ಯಾಪಿಡ್. ಬಿಳಿ ಕಾಯಿ ಹಿಡಿದ ಡಿಂಗ್ ಅತ್ತಲೇ ಹೊರಟಿದ್ದರು. ಕಾಯಿಗಳನ್ನು ಒಂದೊಂದಾಗಿ ಬದಲಾಯಿಸಿಕೊಂಡರು. ಇಬ್ಬರಿಗೂ ಒಂದು ಆನೆ, ಒಂದು ಒಂಟೆ ಉಳಿದವು, ಗುಕೇಶ್‌ಗೆ ಒಂದು ಪದಾತಿ ಹೆಚ್ಚು, ಅಷ್ಟೇ. ಕಾದರೆ ಡ್ರಾ. ಐವತ್ತೈದನೇ ನಡೆಗೆ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ‘ಇದನ್ನೂ ಬದಲಾಯಿಸಿಕೊಳ್ಳೋಣ’ ಎಂದರು. ಗುಕೇಶ್ ಆನೆ ಹೊಡೆದರು, ಒಂಟೆಯನ್ನು ಡಿ5ಕ್ಕೆ ತಂದರು. ಡಿಂಗ್‌ರ ಒಂಟೆ ಮೂಲೆಯಲ್ಲಿ, ಎ8ರಲ್ಲಿ, ಸಿಕ್ಕಿಕೊಂಡಿತ್ತು. ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಬದಲಾವಣೆ ಆಗಲೇಬೇಕು. ಆಮೇಲೆ ಉಳಿಯುವುದು ರಾಜರು ಮತ್ತು ಪದಾತಿಗಳು, ಅದರಲ್ಲಿ ಒಂದು ಪದಾತಿ ಹೆಚ್ಚಿದ್ದವನದೇ ಗೆಲುವು. ಐವತ್ತೆಂಟನೇ ನಡೆಗೆ ಆಟ ಮುಗಿಯಿತು, ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್. ಡ್ರಾ ಮಾಡಿಕೊಳ್ಳುವುದೇನು ಮಹಾ ಅನ್ನುವವರು ಆ ಆನೆಯನ್ನು ಎಫ್2ರಲ್ಲಿ ಇಟ್ಟು ಒಂದು ಸಲ ನೋಡಲಿ. ಹಾಲಿ ಚಾಂಪಿಯನ್ನಿಗೇ ಆ ದಿನ ಅದು ಆಗಲಿಲ್ಲ.

ಇನ್ನು ನಮ್ಮ ಹುಡುಗಿಯ ಮಾತು. ಊರು, ಶಾಲೆ, ವರ್ಷ ಬೇಡ. ಕಾಲುವೆ ಪಕ್ಕದ ಒಂದು ಕ್ಯಾಂಪಿನವಳು, ಒಂಬತ್ತನೇ ತರಗತಿ. ಶಾಲಾ ಮಕ್ಕಳ ಒಂದು ಪಂದ್ಯಾವಳಿ, ನಾಕೌಟ್. ಎದುರಾಳಿ ಅವಳಿಗಿಂತ ಚೆನ್ನಾಗಿ ಆಡುವ ಹುಡುಗಿ, ಅದರಲ್ಲಿ ಸಂಶಯವಿಲ್ಲ. ಕೊನೆಗೆ ನಮ್ಮವಳ ಹತ್ತಿರ ಬರೀ ಕರಿ ರಾಜ. ಎದುರಿಗೆ ರಾಜ, ಎ ಸಾಲಿನ ಒಂದು ಪದಾತಿ, ಕಪ್ಪು ಮನೆಗಳಲ್ಲಿ ಓಡಾಡುವ ಒಂದು ಒಂಟೆ. ನೋಡಿದವರು ಯಾರಾದರೂ ಮುಗಿಯಿತು ಅನ್ನಬೇಕು. ಅವಳು ರಾಜನನ್ನು ಎ8ರ ಮೂಲೆಗೆ ಸೇರಿಸಿದಳು. ಎ8 ಬಿಳಿ ಮನೆ. ಕಪ್ಪು ಮನೆಯ ಒಂಟೆ ನೂರು ನಡೆ ಆಡಿದರೂ ಆ ಮನೆಯನ್ನು ಮುಟ್ಟಲಾರದು. ಪದಾತಿ ಮಂತ್ರಿಯಾಗಬೇಕಿದ್ದರೆ ಅದೇ ಮನೆಗೆ ಬರಬೇಕು. ಒತ್ತಿ ಬಂದರೆ ರಾಜನಿಗೆ ನಡೆಯಿಲ್ಲದೆ ಸ್ಟೇಲ್‌ಮೇಟ್, ಒತ್ತದಿದ್ದರೆ ರಾಜ ಎ8, ಬಿ8, ಎ8 ಅಂತ ಓಡಾಡಿಕೊಂಡಿರುತ್ತಾನೆ. ಜಗತ್ತಿನ ಯಾವ ಗ್ರ್ಯಾಂಡ್‌ಮಾಸ್ಟರ್ ಬಂದು ಕೂತರೂ ಗೆಲ್ಲಲಾಗದ ಸ್ಥಿತಿ. ಅವಳಿಗೆ ಅದು ಗೊತ್ತಿತ್ತು. ಅದಕ್ಕೇ ಸುಮಾರು ನಡೆಗಳ ಹಿಂದೆಯೇ ಬೇರೆಲ್ಲ ಬಿಟ್ಟು ರಾಜನನ್ನು ಆ ಮೂಲೆಗೆ ಓಡಿಸಿಕೊಂಡು ಬಂದಿದ್ದಳು.

ನಡೆಸಿಕೊಡುತ್ತಿದ್ದವರು ಗಡಿಯಾರ ನೋಡಿಕೊಂಡರು. ಹೊರಗೆ ಖೋಖೋ ಫೈನಲ್ ಕಾಯುತ್ತಿತ್ತು. ಕಾಯಿಗಳ ಬೆಲೆ ಎಣಿಸಿದರು. ಒಂಟೆಗೆ ಮೂರು, ಪದಾತಿಗೆ ಒಂದು, ಒಟ್ಟು ನಾಲ್ಕು. ಇವಳದು ಸೊನ್ನೆ. ಎದುರಾಳಿ ಗೆದ್ದಳು ಅಂತ ಬರೆದುಕೊಂಡರು.

“ಸರ್, ನಾ ಸೋತಿಲ್ರೀ.”

“ಆತು ಬಿಡವ್ವ, ಮುಂದಿನ ವರ್ಷ ನೋಡೂಣಂತ.”

ನಾನು ನಡುವೆ ಬಾಯಿ ಹಾಕಿದೆ. ಅವರು ನಕ್ಕು, “ನೀವು ಅಡತಿಯವ್ರು, ತೂಕ ನೋಡೇ ರೇಟ್ ಕಟ್ತೀರಿ. ಇಲ್ಲೂ ಅಷ್ಟ ರೀ” ಎಂದರು. ಅಡತಿಯಲ್ಲಿ ಬರೀ ತೂಕ ನೋಡಿ ಯಾರೂ ರೇಟು ಕಟ್ಟುವುದಿಲ್ಲ, ಭತ್ತವನ್ನು ಅಂಗೈಯಲ್ಲಿ ಹಿಡಿದು ತೇವ ನೋಡುತ್ತಾರೆ ಅಂತ ಹೇಳುವಷ್ಟರಲ್ಲಿ ಅವರು ಸೀಟಿ ಊದುತ್ತಾ ಮೈದಾನಕ್ಕೆ ಹೋಗಿದ್ದರು.

ಅವರನ್ನು ನಾನು ದೂರುವುದಿಲ್ಲ. ಒಬ್ಬ ದೈಹಿಕ ಶಿಕ್ಷಕರು, ಒಂದೇ ದಿನ, ವಾಲಿಬಾಲ್, ಕಬಡ್ಡಿ, ಓಟ, ಉದ್ದ ಜಿಗಿತ, ಅದರ ನಡುವೆ ಒಂದು ಕೋಣೆಯಲ್ಲಿ ಚೆಸ್. ನಾಕೌಟ್ ಅಂದರೆ ಬೇಗ ಮುಗಿಯುತ್ತದೆ. ಆದರೆ ನಾಕೌಟಿಗೆ ಡ್ರಾ ಅಂದರೆ ತಲೆನೋವು, ಅದಕ್ಕೆ ಟಾಸು, ಎಣಿಕೆ, ಎಲ್ಲ. ಆಟದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಡ್ರಾ ಎಷ್ಟು ಬಗೆ ಅಂತ ಸ್ಪಷ್ಟವಾಗಿದೆ: ಸ್ಟೇಲ್‌ಮೇಟ್, ಒಂದೇ ಸ್ಥಿತಿ ಮೂರು ಸಲ, ಪದಾತಿ ಸರಿಯದೆ ಕಾಯಿ ಹೊಡೆಯದೆ ಐವತ್ತು ನಡೆ, ಮಾತ್ ಮಾಡಲು ಸಾಕಷ್ಟು ಕಾಯಿ ಇಲ್ಲದಿರುವುದು, ಇಬ್ಬರ ಒಪ್ಪಿಗೆ. ಕಾಯಿಗಳ ಬೆಲೆ ಕೂಡಿಸಿ ಗೆದ್ದವರನ್ನು ಘೋಷಿಸುವ ನಿಯಮ ಅದರಲ್ಲಿ ಎಲ್ಲೂ ಇಲ್ಲ.

ಎಲ್ಲ ಡ್ರಾಗಳನ್ನೂ ನಾನು ತಲೆ ಮೇಲೆ ಹೊರುವವನಲ್ಲ. ಹೋಟೆಲಿನಲ್ಲಿ ರಾತ್ರಿಯೇ ಮಾತಾಡಿಕೊಂಡು ಬಂದು ಹನ್ನೆರಡು ನಡೆ ಉರು ಹೊಡೆದು ಎದ್ದು ಹೋಗುವ ಗ್ರ್ಯಾಂಡ್‌ಮಾಸ್ಟರ್‌ಗಳೂ ಇದ್ದಾರೆ. ಅವರಿಗೆ ‘ನೀರಸ’ ಅನ್ನುವುದು ಮರ್ಯಾದೆಯ ಮಾತಾಯಿತು. 2005ರಲ್ಲಿ ಬಲ್ಗೇರಿಯಾದ ಸೋಫಿಯಾ ಪಂದ್ಯಾವಳಿಯವರು ಮಾತಾಡಿಕೊಂಡು ಡ್ರಾ ಮಾಡುವುದನ್ನೇ ನಿಷೇಧಿಸಿದರು, ಒಳ್ಳೆಯದನ್ನೇ ಮಾಡಿದರು. ನಾರ್ವೆ ಚೆಸ್‌ನವರು 2019ರಿಂದ ಡ್ರಾ ಆದ ಪ್ರತಿ ಆಟದ ಬೆನ್ನಿಗೆ ಆರ್ಮಗೆಡ್ಡನ್ ಅಂತ ಒಂದು ಚುಟುಕು ಆಟ ಆಡಿಸುತ್ತಾರೆ. ಟಿವಿಗೆ ಬೇಕು, ಇರಲಿ. ಆದರೆ ಅವರೂ ಡ್ರಾ ಆದ ದೊಡ್ಡ ಆಟಕ್ಕೆ ಇಬ್ಬರಿಗೂ ಅಂಕ ಕೊಟ್ಟ ಮೇಲೆಯೇ ಚುಟುಕಿಗೆ ಕೂರಿಸುವುದು. ನಮ್ಮ ಹುಡುಗಿಗೆ ಏನು ಸಿಕ್ಕಿತು?

ಅರ್ಧ ಅಂಕದ ಬೆಲೆ ಗೊತ್ತಿರುವವರಿಗೆ ಗೊತ್ತು. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆನಂದ್ ದೇಶದ ಮೊದಲಿಗರಾಗಿ 30 ವರ್ಷ ಆಗುತ್ತಾ ಬಂದಿತ್ತು ಆಗ. ಆ ಬಿರುದಿಗೆ 2500 ರೇಟಿಂಗ್ ಮುಟ್ಟಬೇಕು, ಜೊತೆಗೆ ನಾರ್ಮ್ ಅಂತ, 2600ರ ಮಟ್ಟದ ಆಟವನ್ನು ಪಂದ್ಯಾವಳಿಯಿಂದ ಪಂದ್ಯಾವಳಿಗೆ ತೋರಿಸಬೇಕು. ತಮಗಿಂತ ಬಲವಾದ ಗ್ರ್ಯಾಂಡ್‌ಮಾಸ್ಟರ್‌ಗಳೆದುರು ಕರಿ ಕಾಯಿ ಹಿಡಿದು ಡ್ರಾ ಮಾಡಿಕೊಳ್ಳಲು ಬಾರದವನಿಗೆ ಆ ಲೆಕ್ಕ ಕೂಡಿಬರುವುದಿಲ್ಲ. ಕೆಳಗಿನ ಮೆಟ್ಟಿಲಿನಲ್ಲೂ ಅಷ್ಟೇ. 1500 ರೇಟಿಂಗಿನ ಹುಡುಗಿ 1900ರವರ ಜೊತೆ ಡ್ರಾ ಮಾಡಿಕೊಂಡರೆ, ಹದಿನೆಂಟರೊಳಗಿನ ಮಕ್ಕಳಿಗೆ ವಿಶ್ವ ಚೆಸ್ ಸಂಸ್ಥೆ ಫಿಡೆ ಇಟ್ಟಿರುವ ಲೆಕ್ಕದಲ್ಲಿ, ಅವಳಿಗೆ ಸುಮಾರು 17 ಅಂಕ ಏರುತ್ತದೆ. ಸರೀಕರನ್ನು ಗೆದ್ದರೆ ಸಿಗುವುದು 20. ಬಲವಾದವರೆದುರಿನ ಡ್ರಾ ಹೆಚ್ಚುಕಡಿಮೆ ಒಂದು ಗೆಲುವು.

ಚೆಸ್ ಅಂದರೆ ಬೆಂಗಳೂರು, ಮೈಸೂರಿನವರ ಆಟ ಅನ್ನುವ ಮಾತು ನಮ್ಮ ಕಡೆ ಇದೆ. ಗ್ರ್ಯಾಂಡ್‌ಮಾಸ್ಟರ್‌ಗಳ ಹೆಸರು ನೋಡಿದರೆ ಹಾಗೇ ಅನಿಸುತ್ತದೆ, ತೇಜ್‌ಕುಮಾರ್, ಗಿರೀಶ್ ಕೌಶಿಕ್ ಮೈಸೂರಿನವರು, ಪ್ರಣವ್ ಆನಂದ್ ಬೆಂಗಳೂರಿನವರು. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಲೆಕ್ಕ ಬಿಡಿಸುತ್ತಿದ್ದದ್ದನ್ನೂ ಮೈಸೂರಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ಅವರಿಗಿಂತ ಏಳು ಶತಮಾನ ಮೊದಲು, ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಚದುರಂಗವನ್ನು ವರ್ಣಿಸಿದ್ದಾನೆ. ಕಲ್ಯಾಣ ಕರ್ನಾಟಕ ಅಂತ ನಮಗೆ ಹೆಸರು ಕೊಟ್ಟವರಿಗೆ ಇದು ನೆನಪಿದ್ದರೆ, ತಾಲ್ಲೂಕಿಗೆ ಹತ್ತು ಡಿಜಿಟಲ್ ಗಡಿಯಾರವಾದರೂ ಬರುತ್ತಿದ್ದವೇನೋ.

ಗಡಿಯಾರ ಇಲ್ಲದಿದ್ದರೂ ನಡೆಯುತ್ತದೆ, ಮೊಬೈಲಿನಲ್ಲೇ ಅದರ ಆ್ಯಪ್ ಇದೆ. ಬೇಕಾದದ್ದು ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾಗಿ ಇವತ್ತು ಒಲಿಂಪಿಯಾಡಿನ ತನಕ ಅದೇ ನಡೆಯುತ್ತಿದೆ. ಗೆದ್ದರೆ ಒಂದು, ಡ್ರಾಕ್ಕೆ ಅರ್ಧ, ಸೋತರೆ ಸೊನ್ನೆ. ಪ್ರತಿ ಸುತ್ತಿನಲ್ಲೂ ಸಮ ಅಂಕದವರನ್ನು ಸಮ ಅಂಕದವರ ಎದುರು ಕೂರಿಸುವುದು, ಯಾರನ್ನೂ ಹೊರಗೆ ಕಳಿಸುವುದಿಲ್ಲ. 32 ಮಕ್ಕಳು ಬಂದರು ಅನ್ನಿ. ನಾಕೌಟಿನಲ್ಲಿ ಮೊದಲ ಸುತ್ತಿಗೇ 16 ಮಕ್ಕಳು, ದೂರದ ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಬಂದವರು, ಒಂದೇ ಆಟ ಆಡಿ ಬಸ್ ಕಾಯುತ್ತಾರೆ. ಒಟ್ಟು 31 ಆಟ. ಸ್ವಿಸ್‌ನಲ್ಲಿ ಐದು ಸುತ್ತು, 80 ಆಟ, ಎಲ್ಲರೂ ಐದೈದು ಆಡುತ್ತಾರೆ. ಒಬ್ಬೊಬ್ಬರಿಗೆ 15 ನಿಮಿಷ ಅಂತ ಇಟ್ಟರೆ ಒಂದು ಸುತ್ತಿಗೆ ಅರ್ಧ ತಾಸು. ಬೆಳಗ್ಗೆ ಹತ್ತಕ್ಕೆ ಕೂತರೆ, ನಡುವೆ ಊಟಕ್ಕೆ ಬಿಟ್ಟರೂ, ಮೂರಕ್ಕೆಲ್ಲ ಬಹುಮಾನ ಕೊಡಬಹುದು. ಕೊನೆಗೆ ಇಬ್ಬರು ಸಮ ಬಂದರೆ ಅವರ ಎದುರಾಳಿಗಳು ಗಳಿಸಿದ ಅಂಕ ಕೂಡಿಸಿ ನೋಡುವುದು. ಟಾಸಿಗೆ ನಾಣ್ಯ ತೆಗೆಯುವ ಪ್ರಸಂಗವೇ ಬಹುಮಟ್ಟಿಗೆ ಬರುವುದಿಲ್ಲ.

ಜೋಡಿ ಹಾಕುವುದು ಕಷ್ಟ, ಲೆಕ್ಕ ಇಡುವವರಿಲ್ಲ ಅನ್ನುತ್ತಾರೆ. ಈ ಸಲದ ಕ್ರೀಡಾಕೂಟ ಭತ್ತದ ಸುಗ್ಗಿಗೆ ಮೊದಲೇ ಬಂದರೆ ನನಗೆ ಹೇಳಿ ಕಳಿಸಲಿ. ಪುಸ್ತಕ, ಪೆನ್ಸಿಲ್ಲು ನನ್ನವೇ ತರುತ್ತೇನೆ. ಸೀಟಿ ಊದುವುದು ಮಾತ್ರ ಮಾಸ್ತರರದೇ.